ನೂರಾ ಅರವತ್ತು ಹೆಸರುಗಳು

ರಿಂಟ್ಸ್ ಯೋರ್ನಾನ ಅಂಗಡಿಯಲ್ಲಿ ಅಂಗಿಯ ಬೆಲೆಯನ್ನು ಗಿರಾಕಿಗಳೇ ಕಟ್ಟುತ್ತಿದ್ದರು. ಎದೆಯ ಮೇಲೆ ಚಿತ್ರ, ಬೆನ್ನ ಮೇಲೆ ಹೆಸರು ಅಚ್ಚು ಹಾಕಿದ ಅಂಗಿಗೆ ಹದಿನಾಲ್ಕು ಯೂರೋ ಎಂದು ಅವನೇನೋ ಹೇಳುತ್ತಿದ್ದ. ಆದರೆ ಗಿರಾಕಿ ಮಾತಾಡದೆ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರೆ ಸಾಕು, "ಇಪ್ಪತ್ತರ ಮೇಲೆ ತಗೊಂಡ್ರೆ ಹದಿಮೂರಕ್ಕೆ ಮಾಡ್ಕೊಡ್ತೀನಿ" ಎಂದು ತಾನೇ ಬಾಯಿಬಿಡುತ್ತಿದ್ದ. ಗಿರಾಕಿ ಕಿಟಕಿಯಾಚೆಯ ಕಾಲುವೆಯತ್ತ ಕಣ್ಣು ಹೊರಳಿಸಿದರೆ ಹನ್ನೆರಡು. ನಿಟ್ಟುಸಿರು ಬಿಟ್ಟರೆ ಹನ್ನೊಂದು. ಫ್ರಾನೆಕರ್ ಊರಿಗೆಲ್ಲ ಇದು ಗೊತ್ತಿತ್ತು. ಅವನ ಅಂಗಡಿಗೆ ಹೋಗುವವರಿಗೆ ಹೋಗಿಬಂದವರು "ಏನೂ ಮಾತಾಡ್ಬೇಡ, ಸುಮ್ನೆ ನಿಂತ್ಕೋ ಸಾಕು" ಎಂದು ಹೇಳಿ ಕಳಿಸುತ್ತಿದ್ದರು.

ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯ ಹಿಂದಿನ ಕೋಣೆ ರಿಂಟ್ಸನ ತಾಯಿ ಬೌಕೆಯದು. ಮೂವತ್ತೆಂಟು ವರ್ಷ ಸಂತೆಯಲ್ಲಿ ಚೀಸ್ ಮಾರಿ, ಮಂಡಿ ಕೈಕೊಟ್ಟ ಮೇಲೆ ಮಗನ ಮನೆ ಸೇರಿದ್ದಳು. ಮಗಳು ಮಾರಿತ್‌ಗೆ ಹತ್ತೊಂಬತ್ತು. ಶಿಕ್ಷಕಿಯಾಗುವ ಓದಿಗೆ ದಿನವೂ ರೈಲಿನಲ್ಲಿ ಲೇವಾರ್ಡನ್‌ಗೆ ಹೋಗಿಬರುತ್ತಿದ್ದಳು. ರಿಂಟ್ಸ್ ಕೌಂಟರು ನೋಡಿಕೊಂಡು, ಅಕ್ಷರಗಳನ್ನು ಬಿಸಿಯಲ್ಲಿ ಅಂಗಿಗೆ ಅಂಟಿಸುವ ಹೀಟ್ ಪ್ರೆಸ್ ಒತ್ತುತ್ತಿದ್ದ. ಅವನ ಹೆಂಡತಿ ಹಿಂಕೆ ಹೆಸರು ಬಿಡಿಸುತ್ತಿದ್ದಳು.

ಯಂತ್ರ ತೆಳುವಾದ ಬಣ್ಣದ ಹಾಳೆಯ ಮೇಲೆ ಅಕ್ಷರಗಳ ಗೆರೆ ಕೊಯ್ದು ಕೊಡುತ್ತದೆ, ಅಷ್ಟೇ. ಅಕ್ಷರದ ಸುತ್ತಲಿನ ಹಾಳೆಯನ್ನು, ದುಂಡು ಅಕ್ಷರಗಳ ಹೊಟ್ಟೆಯೊಳಗೆ ಉಳಿದ ಚೂರನ್ನು ಚಿಮಟದಿಂದ ಒಂದೊಂದಾಗಿ ಕೀಳುವುದು ಮನುಷ್ಯರ ಕೆಲಸ. ಆ ಸೀಮೆಯಲ್ಲಿ ಮುಕ್ಕಾಲು ಪಾಲು ಜನರ ಮನೆತನದ ಹೆಸರು 'ಸ್ಟ್ರಾ' ಎಂದೋ 'ಮಾ' ಎಂದೋ ಮುಗಿಯುತ್ತದೆ. ಹಾಗಾಗಿ ಪ್ರತಿ ಹೆಸರಿನ ಕೊನೆಗೂ 'A' ಅಕ್ಷರದ ಒಂದು ಹೊಟ್ಟೆ ಕಾದು ಕೂತಿರುತ್ತಿತ್ತು. ಹನ್ನೊಂದು ವರ್ಷದಿಂದ ಹಿಂಕೆ ಆ ಹೊಟ್ಟೆಗಳನ್ನು ತೆಗೆಯುತ್ತಿದ್ದಳು. ಈಚೆಗೆ ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಗುರುವಾರ, ಸಂಜೆ ಆರಕ್ಕೆ ಎಲ್ಲರೂ ಊಟಕ್ಕೆ ಕೂತಿದ್ದರು. ಆಲೂಗಡ್ಡೆ ಹಿಸುಕಿ ಸೊಪ್ಪು ಬೆರೆಸಿದ್ದು, ಮೇಲೆ ಹುರಿದ ಹಂದಿಮಾಂಸದ ಚೂರು, ಪಕ್ಕದಲ್ಲಿ ಸಾಸೇಜು. ಹಿಂಕೆ ಎಡಗೈಯಲ್ಲಿ ಸೌಟು ಹಿಡಿದು ಬಡಿಸುತ್ತ ಕೇಳಿದಳು:

"ದೋಣಿ ಸಂಘದವರ ಮೂವತ್ತು ಅಂಗಿ ಎಷ್ಟಕ್ಕೆ ಒಪ್ಕೊಂಡೆ?"

"ಮೊದ್ಲು ಊಟ ಮಾಡೋಣ," ಅಂದ ರಿಂಟ್ಸ್.

"ಅಪ್ಪ ಹಾಗಂದ್ರೆ ಹನ್ನೊಂದು ಅಂತ ಅರ್ಥ," ಅಂದಳು ಮಾರಿತ್.

"ಹನ್ನೊಂದಲ್ಲ."

"ಮತ್ತೆ?"

"ಹತ್ತೂ ಮುಕ್ಕಾಲು. ಪಾಪ, ಅವರು ದೋಣಿಗೆ ಹೊಸ ಹಾಯಿ ತಗೋಬೇಕಂತೆ."

ಹಿಂಕೆ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ಅವರ ಹಾಯಿಗೆ ನನ್ನ ಕೈ ಯಾಕೆ ಕೊಡ್ಬೇಕು?"

"ಹಾಗಲ್ಲ ಹಿಂಕೆ. ಆ ಮನುಷ್ಯ ಸುಮ್ನೆ ನಿಂತುಬಿಟ್ಟ. ಎಷ್ಟು ಹೊತ್ತು ಅಂತ ಸುಮ್ನೆ ನಿಂತ್ಕೊಳ್ತಾನೆ?"

"ನಿಂತ್ಕೊಳ್ಳಲಿ! ನೆಲಕ್ಕೇನು ಬಾಡಿಗೆ ಕೇಳ್ತೀಯಾ?"

"ನಾನು ಗೋಡೆಗೆ ಬೆಲೆ ಪಟ್ಟಿ ಹಾಕಿದ್ನಲ್ಲಪ್ಪ," ಅಂದಳು ಮಾರಿತ್. "ಇಷ್ಟು ದಪ್ಪಕ್ಷರದಲ್ಲಿ."

"ಇದೆ, ಇದೆ. ಚೆನ್ನಾಗಿದೆ."

"ಅದರ ಮೇಲೆ ನೀನೇ ಪೆನ್ಸಿಲಲ್ಲಿ 'ಮಾತಾಡಬಹುದು' ಅಂತ ಬರ್ದಿದ್ದೀಯ."

ಅಜ್ಜಿ ಬೌಕೆ ನಕ್ಕು ಕೆಮ್ಮಿದಳು. ಹಿಂಕೆ ನಗಲಿಲ್ಲ. ಸಾಸೇಜನ್ನು ನಾಲ್ಕು ತುಂಡು ಮಾಡಿ, ಅತಿ ಚಿಕ್ಕದನ್ನು ಗಂಡನ ತಟ್ಟೆಗೆ ಹಾಕಿದಳು.

"ಸೋಮವಾರದಿಂದ ಕೌಂಟರಿನಲ್ಲಿ ನಾನು ನಿಲ್ತೀನಿ," ಅಂದಳು. "ನೀನು ಹಿಂದೆ ಪ್ರೆಸ್ ಹತ್ರ ಇರು. ಬಾಗಿಲ ಗಂಟೆ ಹೊಡೆದ್ರೆ ಆಚೆ ಬರಬಾರ್ದು."

"ನಾನು ಈ ಅಂಗಡಿ ಯಜಮಾನ ಕಣೇ."

"ಅದಕ್ಕೇ ಹೇಳ್ತಿರೋದು, ಅಂಗಡಿ ಉಳೀಲಿ ಅಂತ."

ಸೋಮವಾರ ಹೇಳಿದ ಹಾಗೇ ಆಯಿತು. ಮೊದಲ ವಾರ ಹಿಂಕೆ ಒಂದು ಸೆಂಟ್ ಇಳಿಸಲಿಲ್ಲ. ಮದುಮಗನನ್ನು ಗೇಲಿ ಮಾಡಲು ಎಂಟು ಅಂಗಿ ಬೇಕೆಂದು ಬಂದ ಹುಡುಗರು, "ಇಂಟರ್ನೆಟ್ಟಲ್ಲಿ ಒಂಬತ್ತೂವರೆಗೆ ಸಿಗುತ್ತೆ" ಅಂದರು. "ಹಾಗಾದ್ರೆ ಇಂಟರ್ನೆಟ್ಟಿಗೇ ಹೋಗಿ, ದಾರಿ ಗೊತ್ತಿದೆಯಲ್ಲ," ಅಂದಳು. ನಾಯಿ ಸಾಕುವವರ ಕೂಟದ ಹೆಂಗಸೊಬ್ಬಳು, ಬೆಲೆ ಇಳಿಸಿದರೆ ಊರಲ್ಲೆಲ್ಲ ನಿಮ್ಮ ಹೆಸರು ಹೇಳುತ್ತೇನೆ ಅಂದಳು. "ಕಡಿಮೆಗೆ ಕೊಡ್ತಾರೆ ಅಂತ ತಾನೇ ಹೇಳೋದು? ಹೇಳ್ಬೇಡಿ," ಅಂದಳು ಹಿಂಕೆ. ಗೋಡೆಯ ಹಿಂದೆ ರಿಂಟ್ಸ್ ಪ್ರೆಸ್‌ನ ಹಿಡಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಬಾಗಿಲ ಗಂಟೆ ಕೂಡಲೇ ಎರಡನೇ ಸಲ ಬಾರಿಸಿದರೆ ಗಿರಾಕಿ ಏನೂ ಕೊಳ್ಳದೆ ಹೋದನೆಂದು ಅರ್ಥ. ಆ ವಾರ ಗಂಟೆ ಬಹಳ ಬಾರಿಸಿತು.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹೆಣಿಗೆ ಹಾಕುತ್ತಿದ್ದ ಅಜ್ಜಿ ಶುಕ್ರವಾರ ಬಾಯಿ ತೆರೆದಳು.

"ಅವನು ಬಂದವರನ್ನೆಲ್ಲ ನೆಂಟರು ಅಂದ್ಕೊಳ್ತಾನೆ. ನೀನು ಕಳ್ಳರು ಅಂದ್ಕೊಳ್ತೀಯ."

"ನೀವು ಸಂತೆಯಲ್ಲಿ ಬೆಲೆ ಇಳಿಸ್ತಿದ್ರಾ ಅತ್ತೆ?"

"ಒಂದು ದಿನಾನೂ ಇಲ್ಲ."

"ಮತ್ತೆ?"

"ಬೆಲೆ ಇಳಿಸ್ತಿರ್ಲಿಲ್ಲ, ಚೀಸ್ ಇಳಿಸ್ತಿದ್ದೆ. ಐದು ಯೂರೋ ಜಾಸ್ತಿ ಆಯ್ತಾ? ಸರಿ ತಾಯಿ, ನಾಲ್ಕು ಯೂರೋದ್ದು ಕೊಡ್ತೀನಿ ಅಂತ ಚಾಕು ಈ ಕಡೆ ಸರಿಸ್ತಿದ್ದೆ. ಚಾಕು ಸರಿಯೋದು ಕಂಡ ಕೂಡ್ಲೇ, ಇರಲಿ ಇರಲಿ, ಮೊದ್ಲಿನಷ್ಟೇ ಕೊಡಿ ಅನ್ನೋರು. ಯಾರಿಗೂ ಬೇಜಾರಿಲ್ಲ. ಆಮೇಲೆ ಬಾಯಿಗೆ ಒಂದು ತೆಳು ಹೋಳು ಕೊಡ್ತಿದ್ದೆ. ನೀನು ಒಂದು ಕಪ್ ಕಾಫಿ ಆದ್ರೂ ಕೊಡ್ತೀಯಾ? ಇಲ್ಲ."

ಮರುದಿನ ಹಿಂಕೆಯ ಕೌಂಟರಿನ ಪಕ್ಕ ಕಾಫಿ ಯಂತ್ರ ಬಂದು ಕೂತಿತು. ಬೆಲೆ ಜಾಸ್ತಿಯಾಯಿತು ಅಂದವರಿಗೆ ಅವಳು, "ಎಷ್ಟರಲ್ಲಿ ಆಗ್ಬೇಕು ಹೇಳಿ, ಅಷ್ಟರಲ್ಲಿ ಏನಾಗುತ್ತೆ ನೋಡೋಣ" ಅನ್ನತೊಡಗಿದಳು. ಎರಡು ಬಣ್ಣದ ಬದಲು ಒಂದು. ಬೆನ್ನ ಹೆಸರು ಬಿಟ್ಟರೆ ಹತ್ತು. ಜನ ತಲೆ ಕೆರೆದುಕೊಂಡು ಲೆಕ್ಕ ಹಾಕಿ, ಕಾಫಿ ಕುಡಿದು, ಹೆಚ್ಚಿನವರು ಹದಿನಾಲ್ಕಕ್ಕೇ ಒಪ್ಪಿದರು. ಗಂಟೆ ಕೂಡಲೇ ಎರಡನೇ ಸಲ ಬಾರಿಸುವುದು ಕಡಿಮೆಯಾಯಿತು.

ಮೇ ತಿಂಗಳ ಮೊದಲ ಮಂಗಳವಾರ ಅಜ್ಜಿಯೇ ಗಿರಾಕಿಯಾಗಿ ಬಂದಳು. ಅವಳ ಜೊತೆ ಪ್ರತಿ ಮಂಗಳವಾರ ಈಜುಕೊಳಕ್ಕೆ ಹೋಗುವ ಆರು ಮುದುಕಿಯರು, ಎಲ್ಲರ ಕೂದಲೂ ಇನ್ನೂ ಒದ್ದೆ.

"ಏಳು ಅಂಗಿ ಬೇಕು," ಅಂದಳು ಬೌಕೆ. "ಎದೆ ಮೇಲೆ ಬಾತುಕೋಳಿ, ಬೆನ್ನ ಮೇಲೆ ಹೆಸರು. ಈಜಿ ಆದ್ಮೇಲೆ ಕಾಫಿಗೆ ಹೋಗುವಾಗ ಹಾಕ್ಕೊಳ್ಳೋಕೆ. ಹತ್ತು ಯೂರೋ."

"ಹದಿನಾಲ್ಕು ಅತ್ತೆ."

"ಮನೆಯವಳಿಗೆ?"

"ನಿಮ್ಮದೊಂದು ಸುಮ್ನೆ ಕೊಡ್ತೀನಿ. ಇವರು ಆರು ಜನ ಮನೆಯವರಲ್ಲವಲ್ಲ."

"ನಾನು ಇವರಿಗೆಲ್ಲ ಹತ್ತು ಅಂತ ಹೇಳಿಬಿಟ್ಟಿದ್ದೀನಿ."

"ಹತ್ತಕ್ಕೆ ಬೇಕಾದ್ರೆ ಬಾತುಕೋಳಿ ಮಾತ್ರ. ಹೆಸರು ಇರಲ್ಲ." ಹಿಂಕೆ ಸ್ವರ ತಗ್ಗಿಸಿದಳು. "ಚಾಕು ಈ ಕಡೆ ಸರಿಸೋದು ನೀವೇ ಹೇಳಿಕೊಟ್ಟಿದ್ದು ಅತ್ತೆ."

ಆರು ಮುದುಕಿಯರಿಗೆ ನಗು ತಡೆಯಲಾಗಲಿಲ್ಲ. ಬೌಕೆಯ ಕಿವಿ ಕೆಂಪಾಯಿತು. "ನನ್ನ ಗೆಳತಿಯರ ಮುಂದೆ," ಅಂದವಳೇ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಊಟಕ್ಕೆ ಮೇಲೆ ಬರಲಿಲ್ಲ. ರಿಂಟ್ಸ್ ತಟ್ಟೆ ಹಿಡಿದು ಕೆಳಗಿಳಿದು ಹೋಗುತ್ತಿದ್ದ.

"ಅಮ್ಮ, ಒಂದು ಮಾತು ನಾನು ಹಿಂಕೆಗೆ ಹೇಳಲಾ?"

"ಏನಂತ?"

"ನಾಲ್ಕು ಯೂರೋ ಬಿಡು ಅಂತ."

"ಹೇಳ್ಬೇಡ. ಅವಳು ಹೇಳಿದ್ದು ಸರಿಯಾಗಿದೆ. ಸರಿಯಾಗಿರೋದಕ್ಕೇ ನನಗೆ ಸಿಟ್ಟು. ಬೀನ್ಸಿಗೆ ಉಪ್ಪು ಕಡಿಮೆ ಆಗಿದೆ, ಅದನ್ನ ಹೇಳು."

ನಾಲ್ಕನೇ ದಿನ ಅಜ್ಜಿ ಮೇಲೆ ಬಂದು, ಏನೂ ಆಗದವಳಂತೆ ಆಲೂಗಡ್ಡೆ ಸುಲಿಯಲು ಕೂತಳು. ಆರು ಅಂಗಿಗಳ ಪೂರ್ತಿ ಹಣವನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದಳು. ಹಿಂಕೆ ಅವಳ ಅಂಗಿಯ ಬಾತುಕೋಳಿಗೆ ಒಂದು ಮರಿಯನ್ನೂ ಸೇರಿಸಿ ಕೊಟ್ಟಳು. ಆ ಜಗಳ ಅಲ್ಲಿಗೆ ಮುಗಿಯಿತು.

ದೊಡ್ಡದು ಇನ್ನೂ ಬರಬೇಕಿತ್ತು.

ಫೋಲ್ಕರ್ಟ್ ಹೀಮ್ಸ್ಟ್ರಾ ಪೈಪು, ನಲ್ಲಿ ರಿಪೇರಿಯವನು; ರಿಂಟ್ಸನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ತಂಡದಲ್ಲಿ ಕಾಟ್ಸೆನ್ ಆಡಿ ಬೆಳೆದವರು. ಹುಲ್ಲಿನ ಮೈದಾನದಲ್ಲಿ ಗಟ್ಟಿ ಚೆಂಡನ್ನು ಅಂಗೈಯಿಂದ ಹೊಡೆಯುವ ಆ ಆಟಕ್ಕೆ ಅಲ್ಲಿನ ಜನ ಪ್ರಾಣ ಬಿಡುತ್ತಾರೆ. ಅವರ ಹಳ್ಳಿಯ ಸಂಘಕ್ಕೆ ಜೂನ್ ಕೊನೆಯಲ್ಲಿ ನೂರು ವರ್ಷ ತುಂಬುವುದಿತ್ತು. ಎಲ್ಲ ಸದಸ್ಯರಿಗೂ ಹೆಸರು ಹಾಕಿದ ಅಂಗಿ, ಒಟ್ಟು ನೂರಾ ಅರವತ್ತು. ಫೋಲ್ಕರ್ಟ್ ಸಂಘದ ಕಾರ್ಯದರ್ಶಿ.

ಒಂದು ಬುಧವಾರ ಮಾರಿತ್ ಅಂಗಡಿಯ ಕಂಪ್ಯೂಟರು ತೆರೆದವಳು ಗಟ್ಟಿಯಾಗಿ ಓದಿದಳು: "'ನೂರಾ ಅರವತ್ತು ಹೆಸರು ಕಳಿಸಿದ್ದೇನೆ. ಮಾತಾಡಿದಂತೆ ಹತ್ತು ಯೂರೋ. ಥ್ಯಾಂಕ್ಸ್ ಕಣೋ. ಫೋಲ್ಕರ್ಟ್.'"

ಕತ್ತರಿ ಹಿಡಿದಿದ್ದ ಹಿಂಕೆ ನಿಧಾನಕ್ಕೆ ತಿರುಗಿದಳು. ರಿಂಟ್ಸ್ ಪ್ರೆಸ್ ಕೋಣೆಯ ಬಾಗಿಲಲ್ಲಿ ನಿಂತಿದ್ದ.

"ಯಾವಾಗ ಮಾತಾಡಿದ್ದು?"

"ಶನಿವಾರ. ಮೈದಾನದಲ್ಲಿ."

"ಎಲ್ಲಿ ಆದ್ರೇನು, ಹತ್ತು ಅಂದೆಯಾ?"

"ಕೈ ಕುಲುಕಿಬಿಟ್ಟೆ ಹಿಂಕೆ. ಫೋಲ್ಕರ್ಟ್ ಅವನು. ನಮ್ಮ ಮದುವೆ ದಿನ ಬಚ್ಚಲ ಪೈಪು ಒಡೆದಾಗ ಕೋಟು ಬಿಚ್ಚಿ ಕೆಲಸಕ್ಕಿಳಿದವನು."

"ನನಗೂ ಅವನು ಗೊತ್ತು. ನೀನು ನನ್ನನ್ನ ಕೌಂಟರಲ್ಲಿ ನಿಲ್ಲಿಸಿ, ಹಿಂದಿನಿಂದ ಹೋಗಿ ಕೈ ಕುಲುಕಿ ಬಂದೆ. ಅದನ್ನ ಹೇಳು."

ಹಿಂಕೆ ಮಣಿಕಟ್ಟಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಅದರ ಪಕ್ಕ ಚಿಮಟ ಇಟ್ಟಳು.

"ಕೈ ಕೊಟ್ಟವನು ನೀನು. ಕೈ ಕೆಲಸಾನೂ ನೀನೇ ಮಾಡು," ಅಂದಳು. ಕೂಗಾಡಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

ಅಂದಿನಿಂದ ಮನೆಯಲ್ಲಿ ಸಂಜೆ ಬಿಸಿ ಅಡುಗೆ ನಿಂತಿತು. ಬ್ರೆಡ್ಡು, ಬೆಣ್ಣೆ, ಚೀಸ್ ಮೇಜಿನ ಮೇಲಿರುತ್ತಿದ್ದವು, ಬೇಕಾದವರು ತಿನ್ನಬೇಕು. ಹಿಂಕೆ ಬೇರೆ ಗಿರಾಕಿಗಳ ಕೆಲಸ ಮಾಡುತ್ತಿದ್ದಳು. ಗಂಡನ ಜೊತೆ ಬೇಕಾದಷ್ಟೇ ಮಾತು: "ಬಿಳಿ ನೂಲಿನ ಅಂಗಿ ಮುಗಿದಿದೆ", "ಫೋನು". ಮಾರಿತ್ ನಡುವೆ ಕೂತು, "ಅಮ್ಮ ಕೇಳ್ತಿದಾಳೆ ಬೆಣ್ಣೆ ಬೇಕಾ ಅಂತ," "ಅಪ್ಪ ಹೇಳ್ತಿದಾನೆ ಬೇಕು ಅಂತ, ಆದ್ರೆ ಕೇಳೋಕೆ ಧೈರ್ಯ ಇಲ್ಲವಂತೆ" ಎಂದು ಇಬ್ಬರನ್ನೂ ನಗಿಸಲು ನೋಡಿದಳು. ಅಜ್ಜಿ ಮಾತ್ರ ನಕ್ಕಳು.

ರಿಂಟ್ಸ್ ಅಂಗಡಿ ಮುಚ್ಚಿದ ಮೇಲೆ ಚಿಮಟ ಹಿಡಿದು ಕೂತ. ಅವನ ಬೆರಳು ದಪ್ಪ. ಹಾಳೆ ಹರಿಯಿತು. ಒಂದು ಅಕ್ಷರ ಎದ್ದು ಹೆಬ್ಬೆರಳಿಗೆ ಅಂಟಿತು. ಬಿಡಿಸಲು ಹೋದರೆ ತೋಳಿಗೆ ಅಂಟಿತು. ಮೊದಲ ಸಂಜೆ ಎರಡು ಗಂಟೆಯಲ್ಲಿ ಆರು ಹೆಸರು. ಎರಡನೇ ಸಂಜೆ ಒಂಬತ್ತು, ಅದರಲ್ಲಿ ಮೂರರ ಹೊಟ್ಟೆ ತೆಗೆಯುವುದೇ ಮರೆತಿದ್ದ. ಮೂರನೇ ಸಂಜೆ ಕುತ್ತಿಗೆ ತಿರುಗಲಿಲ್ಲ. ಚಿಮಟ ಹಿಡಿದ ಬೆರಳು ಸೆಟೆದುಕೊಂಡು, ಮಾರನೇ ಬೆಳಗ್ಗೆ ಕಾಫಿ ಕಪ್ಪು ಹಿಡಿಯಲು ಎಡಗೈ ಬೇಕಾಯಿತು. ಎದುರಿಗೆ ಹಿಂಕೆಯೂ ಎಡಗೈಯಲ್ಲೇ ಕಪ್ಪು ಹಿಡಿದಿದ್ದಳು. ಅವಳು ಯಾವತ್ತಿನಿಂದ ಹಾಗೆ ಹಿಡಿಯುತ್ತಾಳೆ ಎಂದು ಅವನಿಗೆ ನೆನಪಾಗಲಿಲ್ಲ.

ಅವನು ಕಪ್ಪು ಕೆಳಗಿಟ್ಟ.

"ನಾನು ಫೋಲ್ಕರ್ಟ್ ಮನೆಗೆ ಹೋಗಿ ಬರ್ತೀನಿ."

ಹಿಂಕೆ ತಲೆಯೆತ್ತಲಿಲ್ಲ. "ಹೋಗು. ಒಂಬತ್ತಕ್ಕೆ ಇಳಿಸಿ ಬಾ."

ಕೆಳಗೆ ಬಾಗಿಲಲ್ಲಿ ಅಜ್ಜಿ ಅವನ ಜೇಬಿಗೆ ಒಂದು ಪೆಪ್ಪರ್‌ಮಿಂಟ್ ಹಾಕಿದಳು.

"ಬೆಲೆ ಹೇಳು. ಹೇಳಿದ ತಕ್ಷಣ ಇದನ್ನ ಬಾಯಿಗೆ ಹಾಕ್ಕೋ. ಕರಗೋ ತನಕ ಬಾಯಿ ತೆರೀಬೇಡ."

"ಅಮ್ಮ, ನನಗೆ ನಲವತ್ತೇಳು ವರ್ಷ."

"ಗೊತ್ತು. ನಲವತ್ತೇಳು ವರ್ಷದಿಂದ ನೋಡ್ತಾ ಇದೀನಲ್ಲ."

ಫೋಲ್ಕರ್ಟ್ ಗ್ಯಾರೇಜಿನಲ್ಲಿ ಹಳೆ ಬಾಯ್ಲರ್ ಒಂದನ್ನು ಬಿಚ್ಚಿ ಹರಡಿಕೊಂಡಿದ್ದ. ರಿಂಟ್ಸ್ ಕೂರಲಿಲ್ಲ. "ಹತ್ತಕ್ಕೆ ಆಗಲ್ಲ ಫೋಲ್ಕರ್ಟ್. ಹದಿನಾಲ್ಕು," ಅಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡ.

"ತಮಾಷೆ ಮಾಡ್ತಿದೀಯಾ?"

ರಿಂಟ್ಸ್ ಚೀಪಿದ.

"ಹನ್ನೊಂದು ಮಾಡೋಣ್ವಾ? ಏನೋ, ಮಾತಾಡೋ! ಹಲ್ಲು ನೋವಾ?" ಫೋಲ್ಕರ್ಟ್ ಎದ್ದು ನಿಂತ, ಸ್ಪ್ಯಾನರ್ ಕೆಳಗಿಟ್ಟ, ಮತ್ತೆ ಎತ್ತಿಕೊಂಡ. "ನೀನು ಕೈ ಕುಲುಕಿದ್ದೀಯ ರಿಂಟ್ಸ್. ನಾನು ಸಭೆಯಲ್ಲಿ ಎಲ್ಲರ ಮುಂದೆ ಹೇಳಿದ್ದೀನಿ, ರಿಂಟ್ಸ್ ನನಗೋಸ್ಕರ ಹತ್ತಕ್ಕೆ ಮಾಡ್ತಾನೆ ಅಂತ. ಅಧ್ಯಕ್ಷರು ಇಂಟರ್ನೆಟ್ಟಿಂದ ತರಿಸ್ತೀನಿ ಅಂತಿದ್ರು. ನಮ್ಮೂರ ಹುಡುಗನ ಅಂಗಡಿ ಇರುವಾಗ ಯಾಕೆ ಅಂತ ಜಗಳ ಆಡಿದವನು ನಾನು. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಪೆಪ್ಪರ್‌ಮಿಂಟ್ ಇನ್ನೂ ಅರ್ಧ ಉಳಿದಿತ್ತು. ರಿಂಟ್ಸ್ ಅದನ್ನು ಕಡಿದು ನುಂಗಿದ.

"ಕೈ ಕೊಟ್ಟಿದ್ದು ನಿಜ. ಆದ್ರೆ ಆ ಕೈ ನನ್ನದಾಗಿರ್ಲಿಲ್ಲ, ಹಿಂಕೆದು," ಅಂದ. "ಸಭೆ ಯಾವತ್ತು?"

"ನಾಳೆ ಏಳಕ್ಕೆ."

"ನೀನು ಏನೂ ಹೇಳ್ಬೇಡ. ನಾನೇ ಬಂದು ಹೇಳ್ತೀನಿ."

"ನೀನಾ? ನಲವತ್ತು ಜನ ಇರ್ತಾರೆ."

"ಗೊತ್ತು," ಅಂದ ರಿಂಟ್ಸ್.

ಮರುದಿನ ಮಾರಿತ್ ಊರಿನ ಎರಡು ಔಷಧಿ ಅಂಗಡಿಯಲ್ಲಿ, ಲೇವಾರ್ಡನ್‌ನ ಮೂರರಲ್ಲಿ ಹುಬ್ಬು ಕೀಳುವ ಚಿಮಟ ಇದ್ದಷ್ಟೂ ಕೊಂಡು ತಂದಳು. ಯಾಕೆಂದು ಕೇಳಿದ ಹಿಂಕೆಗೆ ಅಪ್ಪನನ್ನೇ ಕೇಳು ಅಂದಳು. ಹಿಂಕೆ ಕೇಳಲಿಲ್ಲ. ಅಪ್ಪ, ಮಗಳು, ಅಜ್ಜಿ ಮೂವರೂ ಆರೂವರೆಗೆ, ಸಂಘದ ಸಭೆಗೆ ಎಂದಷ್ಟೇ ಹೇಳಿ ಕಾರು ಹತ್ತಿ ಹೋದರು. ಅವರು ಹೋದ ಮೇಲೆ ಯಂತ್ರದ ಪಕ್ಕ ಕೊಯ್ದಿಟ್ಟ ಹಾಳೆಗಳ ಎರಡನೇ ಕಟ್ಟು ಉಳಿದಿರುವುದು ಹಿಂಕೆಯ ಕಣ್ಣಿಗೆ ಬಿತ್ತು. "ಹೋಗುವಾಗ ಅರ್ಧ ಬಿಟ್ಟೇ ಹೋಗ್ತಾನೆ," ಎಂದು ಗೊಣಗಿ, ಕಟ್ಟನ್ನು ಸೈಕಲ್ಲಿನ ಚೀಲಕ್ಕೆ ಹಾಕಿಕೊಂಡು ಹೊರಟಳು.

ಅವಳು ಸಂಘದ ಕಟ್ಟಡ ಸೇರಿದಾಗ ಕಿಟಕಿಗಳಲ್ಲಿ ಇನ್ನೂ ಬಿಸಿಲಿತ್ತು. ಒಳಗೆ ಗಂಡ ಎದ್ದು ನಿಂತು ಮಾತಾಡುತ್ತಿದ್ದ. ಕಿವಿಯವರೆಗೂ ಕೆಂಪೇರಿದ್ದ.

"ಫೋಲ್ಕರ್ಟ್ ಸುಳ್ಳು ಹೇಳಿಲ್ಲ. ಹತ್ತು ಅಂದವನು ನಾನೇ. ಯೋಚನೆ ಮಾಡದೆ ಅಂದೆ. ಯಾಕೆ ಆಗಲ್ಲ ಅಂತ ನಾನು ಬಾಯಲ್ಲಿ ಹೇಳಿದ್ರೆ ನೀವು ಏನಾದ್ರೂ ಅಂತೀರ, ನಾನು ಮತ್ತೆ ಇಳಿಸಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೆ ನಿಮ್ಮ ನಿಮ್ಮ ಹೆಸರು ತಂದಿದ್ದೀನಿ. ಒಬ್ಬೊಬ್ಬರೂ ನಿಮ್ಮ ಹೆಸರು ನೀವೇ ಬಿಡಿಸಿ. ಆಮೇಲೆ ಬೆಲೆ ನೀವೇ ಹೇಳಿ."

"ಅಷ್ಟೇನಾ?" ಅಂದ ಯಾರೋ. ಹಾಳೆ ಹಂಚಿಕೆಯಾಯಿತು. ಕಡಿಮೆ ಬಿದ್ದ ಹಾಳೆಗಳನ್ನು ಹಿಂಕೆ ಹಿಂದಿನಿಂದ ಬಂದು ಮೇಜಿನ ಮೇಲಿಟ್ಟಳು. ರಿಂಟ್ಸ್ ಅವಳನ್ನು ನೋಡಿದ. ಅವಳು ನೋಡಲಿಲ್ಲ.

ಹತ್ತು ನಿಮಿಷದಲ್ಲಿ ಸಭೆ ಪರೀಕ್ಷೆ ಬರೆಯುವ ಶಾಲೆಯಂತಾಯಿತು. ಕನ್ನಡಕಗಳು ಹಣೆಯಿಂದ ಮೂಗಿಗೆ ಇಳಿದವು. ಅಧ್ಯಕ್ಷರು ಸೀನಿದಾಗ ಅವರ ಹೆಸರಿನ ಅರ್ಧ ಪಕ್ಕದವರ ಗಡ್ಡಕ್ಕೆ ಹೋಗಿ ಅಂಟಿತು. ಟ್ರ್ಯಾಕ್ಟರು ಬಿಚ್ಚಿ ಜೋಡಿಸುವ ರೈತನೊಬ್ಬ ಒಂದು ದುಂಡು ಹೊಟ್ಟೆಯ ಮುಂದೆ ಸೋತು ದೇವರನ್ನು ಕರೆದ. ಅರ್ಧ ಗಂಟೆಗೆ ಇಪ್ಪತ್ತಮೂರು ಜನ ಮುಗಿಸಿದ್ದರು. ಹಿಂಕೆಗೆ ಸುಮ್ಮನಿರಲಾಗಲಿಲ್ಲ. ಸಾಲಿನ ನಡುವೆ ನಡೆದು ಒಂದೊಂದೇ ಹಾಳೆ ಎತ್ತಿ ಬೆಳಕಿಗೆ ಹಿಡಿದಳು.

"ಇದು ಆಗಲ್ಲ. ಇದು ಹರಿದಿದೆ. ಇದೇನಿದು, ಹೊಟ್ಟೆ ಬಿಟ್ಟು ಅಕ್ಷರಾನೇ ಕಿತ್ತಿದ್ದೀರಿ. ಫೋಲ್ಕರ್ಟ್, ನಿನ್ನದು ಯಾರ ಹೆಸರು?"

"ನಂದೇ."

"ನಿಮ್ಮಮ್ಮ ಓದಿದ್ರೂ ಗೊತ್ತಾಗಲ್ಲ."

ಎಲ್ಲರೂ ನಕ್ಕರು, ಫೋಲ್ಕರ್ಟ್ ಎಲ್ಲರಿಗಿಂತ ಜೋರಾಗಿ ನಕ್ಕ. ಆಗ ಮೊದಲ ಸಾಲಲ್ಲಿ ಕೂತಿದ್ದ ಸಂಘದ ಹಳೇ ಆಟಗಾರ್ತಿ ಟೆಟ್ಟಿ, ಎಪ್ಪತ್ತು ದಾಟಿದವಳು, ತನ್ನ ಹಾಳೆ ಎತ್ತಿ ತೋರಿಸಿದಳು. ಅವಳದು ಸರಿಯಾಗಿತ್ತು.

"ಹಿಂಕೆ, ಈ ಕೆಲಸ ನಾವೇ ಮಾಡಿಕೊಟ್ರೆ ಎಷ್ಟು?"

ಹಿಂಕೆ ಸಭೆಯ ಕಾಗದದ ಹಿಂಬದಿಯಲ್ಲಿ ಏನೋ ಗೀಚಿದಳು. "ಹನ್ನೆರಡು. ಎರಡು ಶನಿವಾರ ನಮ್ಮ ಮನೆಗೆ ಬಂದು ಕೂರ್ಬೇಕು. ಹರಿದ ಹಾಳೆ ನಿಮ್ಮ ಖರ್ಚು. ನಾನು ಸರಿ ಅಂದ್ರೆ ಮಾತ್ರ ಸರಿ."

"ಹನ್ನೊಂದೂವರೆ?" ಅಂದರು ಅಧ್ಯಕ್ಷರು.

"ಪಕ್ಕದವರ ಗಡ್ಡದಲ್ಲಿರೋ ನಿಮ್ಮ ಹೆಸರು ಮೊದ್ಲು ತೆಗೀರಿ," ಅಂದಳು ಟೆಟ್ಟಿ. ಮಾತು ಮುಗಿಯಿತು.

ಮುಗಿಯಿತೆಂದು ಎಲ್ಲರೂ ಏಳುವಾಗ ರಿಂಟ್ಸ್ ಮತ್ತೆ ಕೈ ಎತ್ತಿದ. "ಇನ್ನೊಂದಿದೆ. ಪಟ್ಟಿಯಲ್ಲಿ ಮೂವತ್ತನಾಲ್ಕು ಮಕ್ಕಳಿದ್ದಾರೆ. ಅವರದು ಹತ್ತೇ. ಅಷ್ಟನ್ನೂ ನಾನೇ ಬಿಡಿಸ್ತೀನಿ. ಫೋಲ್ಕರ್ಟ್‌ಗೆ ಕೈ ಕೊಟ್ಟಿದ್ದೀನಿ, ಪೂರ್ತಿ ಸುಳ್ಳು ಮಾಡಲ್ಲ."

ಹೇಳಿ ಹೆಂಡತಿಯ ಕಡೆ ತಿರುಗಿದ. ಸಭೆಯೆಲ್ಲ ಹಿಂಕೆಯ ಕಡೆ ತಿರುಗಿತು. ಅವಳು ಮೇಜಿನ ಮೇಲಿದ್ದ ಚಿಮಟಗಳನ್ನು ಎಣಿಸಿ ಚೀಲಕ್ಕೆ ಹಾಕಿದಳು.

"ಅವನ ಕೈ, ಅವನ ಇಷ್ಟ," ಅಂದಳು ಕೊನೆಗೆ. ಮರಳುವಾಗ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಮಾರಿತ್ ಅಜ್ಜಿಯ ತೊಡೆ ತಿವಿದಳು. ಮರುದಿನ ಸಂಜೆ ಮನೆಯಲ್ಲಿ ಬಟಾಣಿ ಸೂಪು ಕುದಿಯಿತು. ಜೂನ್ ತಿಂಗಳ ಸೆಕೆಯಲ್ಲಿ ಯಾರಾದರೂ ಬಟಾಣಿ ಸೂಪು ಮಾಡುತ್ತಾರಾ ಎಂದು ಯಾರೂ ಕೇಳಲಿಲ್ಲ.

ಎರಡು ಶನಿವಾರ ಮನೆ ತುಂಬ ಜನ. ಅಡುಗೆಮನೆಯ ಮೇಜು, ಮೆಟ್ಟಿಲು, ಅಜ್ಜಿಯ ಹಾಸಿಗೆಯ ಅಂಚು, ಎಲ್ಲಿ ನೋಡಿದರೂ ಬಾಗಿದ ತಲೆಗಳು. ಅಜ್ಜಿ ಕಾಫಿ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದೇ ಬಿಸ್ಕತ್ತು ಹಂಚಿದಳು. ಎರಡನೆಯದಕ್ಕೆ ಕೈ ಚಾಚಿದ ಫೋಲ್ಕರ್ಟ್‌ಗೆ, "ಹತ್ತು ಹೆಸರು ಮುಗಿಸು, ಆಮೇಲೆ ನೋಡೋಣ" ಅಂದಳು. ಹಿಂಕೆ ಏನೂ ಮಾಡಲಿಲ್ಲ. ಕೈ ಕಟ್ಟಿಕೊಂಡು ಓಡಾಡಿ ತಪ್ಪು ಹುಡುಕಿದಳು. ಹನ್ನೊಂದು ವರ್ಷದಲ್ಲಿ ಅವಳು ಅಷ್ಟು ಸಂತೋಷವಾಗಿದ್ದದ್ದು ನೋಡಿರಲಿಲ್ಲ ಎಂದಳು ಮಾರಿತ್.

ರಿಂಟ್ಸ್ ಮಕ್ಕಳ ಹೆಸರುಗಳನ್ನು ಅಂಗಡಿ ಮುಚ್ಚಿದ ಮೇಲೆ ಒಂದು ಸಂಜೆಗೆ ನಾಲ್ಕೈದರಂತೆ ಬಿಡಿಸಿದ. ಉತ್ಸವದ ಹಿಂದಿನ ದಿನ, ಶುಕ್ರವಾರ, ಕೊನೆಯ ಹಾಳೆ ತಂದು ಹಿಂಕೆಯ ಮುಂದೆ ಹಿಡಿದ. ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿ ನೋಡಿದಳು.

"ಸರಿಯಾಗಿದೆ," ಅಂದಳು.

"ನಿಜವಾಗ್ಲೂ?"

"ಸರಿಯಾಗಿದೆ ಅಂದ್ರೆ ಸರಿಯಾಗಿದೆ. ಸೋಮವಾರದಿಂದ ಕೌಂಟರು ಬೇಕಾದ್ರೆ ತಗೋ. ಈಗ ನಿನಗೆ ಬೆಲೆ ಹೇಳೋಕೆ ಬರುತ್ತೆ."

ರಿಂಟ್ಸ್ ತಲೆ ಅಲ್ಲಾಡಿಸಿದ. "ಬೇಡ. ನೀನೇ ನಿಲ್ಲು. ಹೆಸರು ನಾನು ಬಿಡಿಸ್ತೀನಿ. ಇಲ್ಲಿ ಯಾರೂ ಮಾತಾಡ್ಸಲ್ಲ, ಆರಾಮಾಗಿದೆ." ಸ್ವಲ್ಪ ತಡೆದು, "ನಿನ್ನ ಕೈ ನನಗೆ ಗೊತ್ತಾಗಿರ್ಲಿಲ್ಲ ಹಿಂಕೆ," ಅಂದ.

"ನಾನೂ ಹೇಳಿರ್ಲಿಲ್ಲ," ಅಂದಳು. ಅವನ ತೋಳಿಗೆ ಅಂಟಿದ್ದ ಬಿಳಿ ಚೂರೊಂದನ್ನು ಉಗುರಿನಿಂದ ಕಿತ್ತು ತೆಗೆದಳು.

ಶನಿವಾರ ಮೈದಾನದ ತುಂಬ ಕಡುನೀಲಿ ಅಂಗಿಗಳು. ಬ್ಯಾಂಡು ಬಾರಿಸುತ್ತಿತ್ತು. ಹುರಿದ ಮೀನಿನ ವಾಸನೆ ಗಾಳಿಯಲ್ಲಿತ್ತು. ಯೋರ್ನಾ ಮನೆಯವರು ನಾಲ್ವರೂ ಗೆರೆಯಾಚೆಯ ಬೆಂಚಿನಲ್ಲಿ ಕೂತಿದ್ದರು. ಫೋಲ್ಕರ್ಟ್ ಅಂಗೈ ಬೀಸಿ ಹೊಡೆದ ಚೆಂಡು ಎಲ್ಲರ ತಲೆ ಮೇಲಿಂದ ಹಾರಿತು; ಜನ ಕೂಗಿದರು. ರಿಂಟ್ಸ್ ಕೂಗಲಿಲ್ಲ. ಅವನು ಇನ್ನೆಲ್ಲೋ ನೋಡುತ್ತಿದ್ದ.

"ಆಟ ಆ ಕಡೆ," ಅಂದಳು ಹಿಂಕೆ.

"ಆ ಪುಟ್ಟಿ ನೋಡು. ಐಸ್‌ಕ್ರೀಮ್ ಸಾಲಲ್ಲಿ ಮೂರನೆಯವಳು."

ಆರು ವರ್ಷದ ಹುಡುಗಿ. ವಾನ್ ಡೆರ್ ಪ್ಲೂಗ್ ಎಂಬ ಉದ್ದದ ಹೆಸರು ಅವಳ ಪುಟ್ಟ ಬೆನ್ನಿನ ಈ ತುದಿಯಿಂದ ಆ ತುದಿಗೆ ಹೋಗಿ, ತೋಳಿನ ಕೆಳಗೆ ತಿರುಗುವಷ್ಟಾಗಿತ್ತು.

"ಅದು ನಾನು ಬಿಡಿಸಿದ್ದು," ಅಂದ ರಿಂಟ್ಸ್. "ಐದು ಹೊಟ್ಟೆ ಅದರಲ್ಲಿ."

ಹಿಂಕೆ ಕಣ್ಣು ಕಿರಿದು ಮಾಡಿ ನೋಡಿದಳು. "ಕೊನೆ ಅಕ್ಷರ ಸ್ವಲ್ಪ ಓರೆ."

"ಓರೆ ಅಲ್ಲ, ಅವಳು ಓರೆ ನಿಂತಿದ್ದಾಳೆ."

"ಇರಬಹುದು," ಅಂದಳು ಹಿಂಕೆ, ಮತ್ತು ಆ ಹುಡುಗಿ ನೆಟ್ಟಗೆ ನಿಲ್ಲುವವರೆಗೂ ಇಬ್ಬರೂ ಆಟ ಬಿಟ್ಟು ಅವಳನ್ನೇ ನೋಡುತ್ತ ಕೂತರು.